ಮಂಡ್ಯದಿಂದ ಮಾದಪ್ಪನ ಬೆಟ್ಟಕ್ಕೆ: ಏಳು ದಿನದ ನಡಿಗೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜನ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ರೂಢಿ ತಲೆಮಾರುಗಳಿಂದ ಬಂದದ್ದು. ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರವಾದಂತೆ ಹೆಗಲಿಗೊಂದು ಗಂಟು ಏರಿಸಿ, ಬರಿಗಾಲಲ್ಲಿ, ‘ಉಘೇ ಮಾದಪ್ಪ’ ಎಂದು ಕೂಗುತ್ತ ಗುಂಪುಗುಂಪಾಗಿ ಕೊಳ್ಳೇಗಾಲದ ರಸ್ತೆ ಹಿಡಿಯುತ್ತಾರೆ. ಮಂಡ್ಯ ಪಟ್ಟಣದಿಂದ ಬೆಟ್ಟದ ಗುಡಿಯವರೆಗೆ ಹಾದಿ ಹೆಚ್ಚೂಕಡಿಮೆ 150 ಕಿ.ಮೀ. ಹರಕೆ ಹೊತ್ತವರು ನಾಲ್ಕೈದು ದಿನದಲ್ಲಿ ಇದನ್ನು ಮುಗಿಸಿಬಿಡುತ್ತಾರೆ. ಊರು, ಹೊಳೆ, ಗದ್ದೆ, ಕಾಡು ಎಲ್ಲವನ್ನೂ ನೋಡಿಕೊಂಡು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನಂತೆ ಹೋಗುವವರಿಗೆ ಒಂದು ವಾರ ಬೇಕು.

ದೂರದ ನಡಿಗೆಯನ್ನೇ ರಜೆ ಮಾಡಿಕೊಳ್ಳುವ ಅಭ್ಯಾಸ ಹೊರದೇಶಗಳಲ್ಲಿ ಬೇರೂರಿದೆ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ವೇ ಎಂಬ ಹಾದಿ 164 ಕಿ.ಮೀ. ಉದ್ದದ್ದು, 2007ರಲ್ಲಿ ಅದಕ್ಕೆ ರಾಷ್ಟ್ರೀಯ ಕಾಲುದಾರಿಯ ಮಾನ್ಯತೆ ಸಿಕ್ಕಿತು. ಅಲ್ಲಿ ತಿರುವಿಗೊಂದು ಗುರುತಿನ ಕಂಬ, ರಾತ್ರಿಗೊಂದು ತಂಗುದಾಣ. ಸ್ಪೇನಿನ ಸ್ಯಾಂಟಿಯಾಗೊ ಹಾದಿ ಮತ್ತು ಜಪಾನಿನ ಕುಮಾನೊ ಕೊಡೊ ಮೊದಲು ಯಾತ್ರಿಕರ ದಾರಿಗಳಾಗಿದ್ದು ಆಮೇಲೆ ಪ್ರವಾಸಿಗರನ್ನೂ ಸೆಳೆದವು. ನಮ್ಮಲ್ಲಿ, ಮಹಾರಾಷ್ಟ್ರದ ಆಳಂದಿಯಿಂದ ಪಂಢರಪುರಕ್ಕೆ ಮೂರು ವಾರ ನಡೆಯುವ ವಾರಿ ಇಂದಿಗೂ ಪೂರಾ ಯಾತ್ರೆಯೇ. ಮಾದಪ್ಪನ ಹಾದಿ ಸೇರುವುದು ಈ ಯಾತ್ರೆಯ ಹಾದಿಗಳ ಗುಂಪಿಗೆ. ಇದಕ್ಕೆ ನಕ್ಷೆಯಿಲ್ಲ, ಗುರುತಿನ ಕಂಬವಿಲ್ಲ, ಹೆಸರು ಹೊತ್ತ ಫಲಕವೂ ಇಲ್ಲ. ಆದರೂ ಒಂದು ದೀರ್ಘ ಕಾಲುದಾರಿಗೆ ಬೇಕಾದ ನೀರು, ನೆರಳು, ಅನ್ನ, ಮಲಗಲು ಜಗಲಿ, ದಾರಿ ಬಲ್ಲ ಜನ ಎಲ್ಲವೂ ಇದರಲ್ಲಿವೆ. ದೇವರಲ್ಲಿ ಭಕ್ತಿ ಇರುವವರಿಗೂ ಬರೀ ನಡೆಯುವ ಚಪಲದವರಿಗೂ ಅವು ಒಂದೇ ರೀತಿ ಒದಗುತ್ತವೆ.

ನಡೆಯುವವರಲ್ಲಿ ಹೆಚ್ಚಿನವರು ‘ಮಾದಪ್ಪನ ಒಕ್ಕಲು’. ಮನೆದೇವರು ಮಹದೇಶ್ವರನಾದ ಕುಟುಂಬಗಳು ಎಂದು ಅದರರ್ಥ. ಈ ಒಕ್ಕಲುತನಕ್ಕೆ ಜಾತಿಯ ಗೆರೆಯಿಲ್ಲ: ಒಕ್ಕಲಿಗರು, ಲಿಂಗಾಯತರು, ಕುರುಬರು, ದಲಿತರು, ನಾಯಕರು, ಉಪ್ಪಾರರು ಎಲ್ಲರಲ್ಲೂ ಮಾದಪ್ಪನ ಮನೆಗಳಿವೆ. ಮಕ್ಕಳಿಗೆ ಮಾದೇಶ, ಮಾದೇವ, ಮಾದೇವಿ, ಮಾದಮ್ಮ ಎಂದು ಹೆಸರಿಡುವುದು ಈ ಸೀಮೆಯಲ್ಲಿ ಎಷ್ಟು ಸಾಮಾನ್ಯವೆಂದರೆ ಶಾಲೆಯ ಒಂದೇ ತರಗತಿಯಲ್ಲಿ ಮೂವರು ಸಿಕ್ಕುವುದು ಹೊಸತಲ್ಲ. ದನಕ್ಕೆ ಬಂದ ಕಾಯಿಲೆ ವಾಸಿಯಾಗಲಿ, ಮಗು ಹುಟ್ಟಲಿ, ಬೋರ್‌ವೆಲ್‌ನಲ್ಲಿ ನೀರು ಬೀಳಲಿ ಎಂದು ಹರಕೆ ಹೊತ್ತು, ಅದು ಕೈಗೂಡಿದ ವರ್ಷ ನಡೆದು ಹೋಗುತ್ತಾರೆ. ಈಚೆಗೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು ಊರಿಗೆ ಬಂದು ಗೆಳೆಯರ ತಂಡದೊಂದಿಗೆ ಹೊರಡುವುದೂ ಹೆಚ್ಚಿದೆ. ಅವರ ಮುಂದೆ ದೇವರ ಪಟ ಕಟ್ಟಿದ ಟೆಂಪೊ ಧ್ವನಿವರ್ಧಕ ಹಾಕಿಕೊಂಡು ಸಾಗುತ್ತದೆ. ನಡಿಗೆಯ ಸುಖ ಬೇಕಾದವರು ಆ ಟೆಂಪೊವನ್ನು ಒಂದು ಮೈಲಿ ಮುಂದಕ್ಕೆ ಬಿಟ್ಟು ನಡೆಯುವುದು ಒಳ್ಳೆಯದು.

ಹಾದಿ ಮೂರು ಬಗೆಯ ನೆಲವನ್ನು ದಾಟುತ್ತದೆ. ಮಂಡ್ಯದಿಂದ ಮಳವಳ್ಳಿಯವರೆಗೆ ನಾಲೆಯ ನೀರಿನ ಹಸಿರು, ಮಳವಳ್ಳಿಯಿಂದ ಕೊಳ್ಳೇಗಾಲದವರೆಗೆ ಕಾವೇರಿಯ ಕಣಿವೆ, ಹನೂರಿನಿಂದಾಚೆಗೆ ಕುರುಚಲು ಬಯಲು ಮತ್ತು ಕಾಡು.

ಮೊದಲ ಭಾಗದ ಹಸಿರು ಹಳೆಯದಲ್ಲ. ನೂರು ವರ್ಷದ ಹಿಂದೆ ಮಂಡ್ಯ, ಮದ್ದೂರಿನ ಬಹುಪಾಲು ನೆಲ ರಾಗಿ, ಹುರುಳಿ ಬೆಳೆಯುವ ಬೆದ್ದಲು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭಕ್ಕೆ ಪೂರ್ತಿಯಾಗಿ, ಅಲ್ಲಿಂದ ಹೊರಟ ಇರ್ವಿನ್ ನಾಲೆ ಹುಲಿಕೆರೆಯ ಸುರಂಗ ದಾಟಿ ಈ ತಾಲ್ಲೂಕುಗಳಿಗೆ ನೀರು ತಂದಿತು. ಆಮೇಲೆ ಅದೇ ವಿಶ್ವೇಶ್ವರಯ್ಯ ನಾಲೆಯಾಯಿತು. ಜನರ ಬಾಯಲ್ಲಿ ವಿ.ಸಿ. ನಾಲೆ. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಷುಗರ್, 1933ರಲ್ಲಿ ಶುರುವಾಯಿತು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ನೀರು, ಕಬ್ಬು, ಕಾರ್ಖಾನೆ, ಜಿಲ್ಲೆ ಎಂಬ ಈ ಸರಣಿ ಗೊತ್ತಿದ್ದರೆ ಮೊದಲೆರಡು ದಿನದ ದಾರಿ ಬೇರೆಯೇ ಕಾಣುತ್ತದೆ. ಹಳೆಯ ಊರುಗಳು ದಿಬ್ಬದ ಮೇಲೆ, ಹೊಸ ದೊಡ್ಡಿಗಳು ನಾಲೆಯ ಬದಿಗೆ. ಊರಿನ ಗುಡಿ ಕಲ್ಲಿನದಾದರೆ ದೊಡ್ಡಿಯ ಗುಡಿ ಸಿಮೆಂಟಿನದು.

ಮಂಡ್ಯದಿಂದ ಮದ್ದೂರಿಗೆ ಹೆದ್ದಾರಿಯಲ್ಲಿ ನಡೆಯುವುದು ಯಾರಿಗೂ ಹಿತವಲ್ಲ. ಬೆಂಗಳೂರು–ಮೈಸೂರು ರಸ್ತೆಯ ವೇಗದ ನಡುವೆ ಕಾಲುನಡಿಗೆಯವರಿಗೆ ಜಾಗವೇ ಇಲ್ಲ. ಊರೂರು ದಾಟುವ ಒಳದಾರಿಗಳಲ್ಲಿ, ನಾಲೆಯ ಏರಿಯ ಮೇಲೆ ಸಾಗಿದರೆ ಎರಡು ಮೂರು ಕಿಲೋಮೀಟರು ಹೆಚ್ಚಾಗಬಹುದು, ಆದರೆ ದಾರಿಯುದ್ದಕ್ಕೂ ತೆಂಗಿನ ನೆರಳು. ಏರಿಯ ಮೇಲೂ ಎಚ್ಚರ ಬೇಕು. ವಿ.ಸಿ. ನಾಲೆಗೆ ಬಹಳ ಕಡೆ ತಡೆಗೋಡೆ ಇರಲಿಲ್ಲ; 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ನಾಲೆಗೆ ಬಿದ್ದು 30 ಜನ ಸತ್ತರು. ನೀರು ತುಂಬಿ ಹರಿಯುವಾಗ ಕಾಲು ತೊಳೆಯಲು ಅಂಚಿಗೆ ಇಳಿಯಬಾರದು. ಪಾಚಿ ಕಟ್ಟಿದ ಇಳಿಜಾರಿನಲ್ಲಿ ಒಮ್ಮೆ ಜಾರಿದವರು ಮೇಲೆ ಬರುವುದು ಕಷ್ಟ.

ಈ ಭಾಗದಲ್ಲಿ ನಿಂತು ನೋಡಬೇಕಾದದ್ದು ಆಲೆಮನೆ. ದೂರದಿಂದಲೇ ಹೊಗೆ ಕಾಣುತ್ತದೆ, ಆಮೇಲೆ ಮೂಗಿಗೆ ಸುಟ್ಟ ಸಿಹಿಯ ವಾಸನೆ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಅಗಲವಾದ ಕೊಪ್ಪರಿಗೆಗೆ ಸುರಿದು, ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನೇ ತುರುಕುತ್ತಾರೆ. ಹಾಲು ಕುದಿದಂತೆ ಮೇಲೆ ಬರುವ ಕೊಳೆಯನ್ನು ಜಾಲರಿಯಿಂದ ತೆಗೆದು ಹಾಕಬೇಕು. ಕೊಳೆ ಸುಲಭವಾಗಿ ಮೇಲೇಳಲೆಂದು ಹಿಂದೆ ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಈಗ ಹಲವು ಕಡೆ ರಾಸಾಯನಿಕ ಪುಡಿ ಬಳಸುತ್ತಾರೆ, ಬೆಲ್ಲಕ್ಕೆ ಹೊಳಪಿನ ಹಳದಿ ಬರುವುದು ಅದರಿಂದ. ಪಾಕ ಹದಕ್ಕೆ ಬಂತೇ ಎಂದು ನೋಡುವವನು ಒಂದು ಚೂರನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾನೆ. ಕೊನೆಗೆ ಅದು ಅಚ್ಚಿಗೆ ಬೀಳುತ್ತದೆ. ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ ಅಚ್ಚಿನ ಆಕಾರದ ಮೇಲೆಯೇ ಹೆಸರು: ಕುರಿಕಾಲಚ್ಚು, ಬಕೆಟ್, ಚದರಚ್ಚು. ದಾರಿಹೋಕರು ಕೇಳಿದರೆ ಒಂದು ಲೋಟ ಕಬ್ಬಿನ ಹಾಲಿಗೆ ಇಲ್ಲ ಎನ್ನುವ ಆಲೆಮನೆ ಅಪರೂಪ. ಕಂದು ಬಣ್ಣದ ಬೆಲ್ಲದ ಒಂದು ಅಚ್ಚು ಚೀಲದಲ್ಲಿದ್ದರೆ ಬೆಟ್ಟ ಹತ್ತುವ ದಿನ ಉಪಯೋಗಕ್ಕೆ ಬರುತ್ತದೆ.

ಮದ್ದೂರಿಗೆ ಹೊಂದಿಕೊಂಡಿರುವ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ ನಿಷೇಧಾಜ್ಞೆ ಮುರಿದು ತ್ರಿವರ್ಣ ಧ್ವಜ ಹಾರಿಸಿತು. ಅದೇ ತಿಂಗಳ ಕೊನೆಗೆ ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದದ್ದು ಈ ಧ್ವಜ ಸತ್ಯಾಗ್ರಹದ ಮುಂದುವರಿಕೆಯಲ್ಲೇ. ಸತ್ಯಾಗ್ರಹ ಸೌಧ ಹೆದ್ದಾರಿಯ ಪಕ್ಕದಲ್ಲಿದ್ದು, ಬಸ್ಸಿನವರು ನೋಡದೆ ದಾಟಿ ಹೋಗುವ ಜಾಗ. ನಡೆಯುವವರು ಕಾಲು ಗಂಟೆ ನಿಲ್ಲಬಹುದು. ರೈಲಿನ ಪ್ರಯಾಣಿಕರಿಂದ ಹೆಸರಾದ ಮದ್ದೂರು ವಡೆಯ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ, ಒಂದನ್ನು ಬಿಟ್ಟು: ಚಿರೋಟಿ ರವೆ, ಅಕ್ಕಿ ಹಿಟ್ಟು, ಈರುಳ್ಳಿಯ ಈ ಚಪ್ಪಟೆ ವಡೆ ಚೆನ್ನಾಗಿ ಕರಿದದ್ದಾದರೆ ಒಂದೆರಡು ದಿನ ಕೆಡದೆ ಇರುತ್ತದೆ, ಚೀಲದಲ್ಲಿ ನುಚ್ಚೂ ಆಗುವುದಿಲ್ಲ. ದೂರ ನಡೆಯುವವರ ಬುತ್ತಿಗೆ ಇದಕ್ಕಿಂತ ಅನುಕೂಲದ ತಿಂಡಿ ಈ ಸೀಮೆಯಲ್ಲಿಲ್ಲ. ಶಿಂಷಾ ಹೊಳೆ ಮದ್ದೂರಿನ ಮಗ್ಗುಲಲ್ಲೇ ಹರಿಯುತ್ತದೆ, ಮುಂದೆ ಅದೂ ಕಾವೇರಿಗೆ ಸೇರುವಂಥದ್ದು.

ಒಂದು ದಿನ ಹೆಚ್ಚು ಇದ್ದವರು ಮದ್ದೂರಿನಿಂದ ಕೊಕ್ಕರೆ ಬೆಳ್ಳೂರಿಗೆ ಹೋಗಿಬರಬಹುದು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಡಿಸೆಂಬರ್ ಹೊತ್ತಿಗೆ ಬಂದು ಊರ ನಡುವಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಗೂಡು ಕಟ್ಟಿ, ಬೇಸಗೆ ಮುಗಿಯುವವರೆಗೆ ಇರುತ್ತವೆ. ಮನೆಯ ಹೆಂಚಿನ ಮೇಲೆ ಹಿಕ್ಕೆ ಬಿದ್ದರೂ, ಅಂಗಳದಲ್ಲಿ ಮೀನಿನ ನಾತ ಹರಡಿದರೂ ಮರ ಕಡಿಯದ ಊರು ಇದು. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಮದ್ದೂರಿನಿಂದ ಮಳವಳ್ಳಿಗೆ 25 ಕಿ.ಮೀ. ಆಸುಪಾಸು. ನಡುವೆ ಸಿಗುವ ದೊಡ್ಡ ಊರು ಕೆ.ಎಂ.ದೊಡ್ಡಿ, ದಾಖಲೆಯಲ್ಲಿ ಭಾರತೀನಗರ. ಇಲ್ಲಿನ ಸಕ್ಕರೆ ಕಾರ್ಖಾನೆ ಅರೆಯುವ ತಿಂಗಳುಗಳಲ್ಲಿ ರಸ್ತೆಯುದ್ದಕ್ಕೂ ಕಬ್ಬು ಹೇರಿದ ಎತ್ತಿನ ಗಾಡಿ, ಟ್ರ್ಯಾಕ್ಟರ್‌ಗಳ ಸಾಲು. ಮಧ್ಯಾಹ್ನದ ಊಟಕ್ಕೆ ಹೋಟೆಲು ಹುಡುಕುವ ಪ್ರಮೇಯವಿಲ್ಲ, ಮುದ್ದೆ ಉಪ್ಸಾರು ಎಲ್ಲಿ ಬೇಕಾದರೂ ಸಿಗುತ್ತದೆ. ಮಳವಳ್ಳಿ ಹತ್ತಿರವಾದಂತೆ ನೆಲ ಏರಿಳಿತಕ್ಕೆ ಬರುತ್ತದೆ, ಗದ್ದೆ ಕಡಿಮೆಯಾಗಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆಗಳು ಕಾಣತೊಡಗುತ್ತವೆ. 1799ರ ಮಾರ್ಚ್ 27ರಂದು ಟಿಪ್ಪುವಿನ ಸೇನೆಗೂ ಬ್ರಿಟಿಷರ ಜನರಲ್ ಹ್ಯಾರಿಸ್‌ನ ಸೇನೆಗೂ ಕಾದಾಟವಾದದ್ದು ಮಳವಳ್ಳಿಯ ಬಯಲಲ್ಲಿ. ಶ್ರೀರಂಗಪಟ್ಟಣ ಬಿದ್ದದ್ದು ಅದಾಗಿ ಆರನೇ ವಾರಕ್ಕೆ, ಮೇ 4ರಂದು. ಯುದ್ಧದ ಕುರುಹು ಹುಡುಕುವುದು ವ್ಯರ್ಥ. ಪಕ್ಕದ ಮಾರೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನದ ನೆರಳಿನಲ್ಲಿ ಸಂಜೆ ಕಳೆಯುವುದೇ ಲಾಭ.

ಮಳವಳ್ಳಿಯಿಂದ ಕನಕಪುರ–ಕೊಯಮತ್ತೂರು ಹೆದ್ದಾರಿ ನೇರ ಕೊಳ್ಳೇಗಾಲಕ್ಕೆ ಹೋಗುತ್ತದೆ. ಹರಕೆಯವರ ದಾರಿ ಅದೇ. ಆದರೆ ರಜೆಗೆ ನಡೆಯುವವರು ಬೆಳಕವಾಡಿಯ ಕಡೆಯಿಂದ ಶಿವನಸಮುದ್ರಕ್ಕೆ ತಿರುಗಿಕೊಳ್ಳಬೇಕು, ಅಲ್ಲಿ ಒಂದು ರಾತ್ರಿ ಉಳಿಯಬೇಕು. ಮಳವಳ್ಳಿ ತಾಲ್ಲೂಕಿನ ಈ ಮೂಲೆ ಮಾದಪ್ಪನದಷ್ಟೇ ಮಂಟೇಸ್ವಾಮಿ ಎಂಬ ಜನಪದ ಸಂತನ ಸೀಮೆ. ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮುಖ್ಯ ಮಠ. ಹೊಳೆಯಾಚೆಯ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಗೆ ಶುರುವಾಗುವ, ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಜಾತ್ರೆಗೂ ಜನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ಹೋಗಿ ಐದು ದಿನ ಬಿಡಾರ ಹೂಡುತ್ತಾರೆ. ಅಲ್ಲಿನ ಪಂಕ್ತಿಸೇವೆಯಲ್ಲಿ ಜಾತಿ ಭೇದವಿಲ್ಲದೆ ಒಟ್ಟಿಗೆ ಕೂತು ಉಣ್ಣುವುದು ವಾಡಿಕೆ.

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು ದ್ವೀಪವೊಂದನ್ನು ಬಳಸಿ, ಎರಡು ಕಡೆಯೂ ಧುಮುಕುತ್ತದೆ. ಮಂಡ್ಯ ಜಿಲ್ಲೆಯ ಕಡೆಯಿಂದ ಕಾಣುವುದು ಗಗನಚುಕ್ಕಿ, ಚಾಮರಾಜನಗರ ಜಿಲ್ಲೆಯ ಕಡೆಯದು ಭರಚುಕ್ಕಿ. ಗಗನಚುಕ್ಕಿಯ ಬೀಳು 300 ಅಡಿಗೆ ಹತ್ತಿರ. ಮಳೆಗಾಲದಲ್ಲಿ ಕನ್ನಂಬಾಡಿ, ಕಬಿನಿಗಳಿಂದ ನೀರು ಬಿಟ್ಟಾಗ ಬಂಡೆಯೇ ಕಾಣದಷ್ಟು ನೊರೆ. ಶಿವರಾತ್ರಿ ಯುಗಾದಿಯ ಹೊತ್ತಿಗೆ ಇರುವ ನೀರೆಲ್ಲ ವಿದ್ಯುತ್ತಿಗೆ ಹೋಗಿ, ಕರಿ ಬಂಡೆಯ ಮೈಮೇಲೆ ಬಿಳಿ ಎಳೆಗಳಷ್ಟೇ ಉಳಿಯುತ್ತವೆ. ಜಲಪಾತಕ್ಕೆಂದೇ ಬರುವವರು ಆಗ ನಿರಾಶರಾಗುತ್ತಾರೆ. ಆದರೆ ಬಂಡೆಯ ಪದರಗಳು, ನೀರು ಕೊರೆದ ಗುಂಡಿಗಳು ಕಾಣಬೇಕಾದರೆ ಬೇಸಗೆಯೇ ಸರಿ.

ಕೆಳಗಿನ ವಿದ್ಯುದಾಗಾರವಿರುವ ಜಾಗಕ್ಕೆ ಊರವರು ಹೇಳುವುದು ಬ್ಲಫ್. ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆಯಾಗಿ, 1902ರ ಜೂನ್ 30ರಂದು ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ 147 ಕಿ.ಮೀ. ತಂತಿಯಲ್ಲಿ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಅಷ್ಟು ದೂರದ ತಂತಿ ಎಂಬುದು ಜಗತ್ತಿನಲ್ಲೇ ವಿರಳ. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ವಿದ್ಯುದಾಗಾರದ ಸುತ್ತಲ ಹಳ್ಳಿಗಳಿಗೆ ಬೆಳಕು ಬರುವುದಕ್ಕೆ ಇನ್ನೂ ಎಷ್ಟೋ ದಶಕ ಕಾಯಬೇಕಾಯಿತು ಎಂಬುದನ್ನು ಹಳಬರು ಇಂದಿಗೂ ಹೇಳಿಕೊಂಡು ನಗುತ್ತಾರೆ. ದ್ವೀಪದಲ್ಲಿ ಮಧ್ಯರಂಗನ ಗುಡಿಯಿದೆ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗ ಇವೆರಡರ ನಡುವಿನವನು ಇವನು. ಜಲಪಾತದ ನೆತ್ತಿಯ ಮೇಲೊಂದು ದರ್ಗಾ, ಅಲ್ಲಿಗೂ ಎಲ್ಲ ಜಾತಿಯವರೂ ಬರುತ್ತಾರೆ. ಹೊಳೆ ದಾಟಲು 19ನೇ ಶತಮಾನದ ಮೊದಲ ಭಾಗದಲ್ಲಿ ಜಾಗೀರುದಾರ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಕಲ್ಲಿನ ಸೇತುವೆಗಳ ಹತ್ತಿರ ಹೋಗಿ ನೋಡಬೇಕು. ಹೊಳೆಯ ಬಂಡೆಯ ಮೇಲೆ ಇಡೀ ಇಡೀ ಕಲ್ಲುಕಂಬಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಚಪ್ಪಡಿ ಹಾಸಿದ ಕಟ್ಟೋಣ ಅದು. ವೆಸ್ಲಿ ಸೇತುವೆ ಎಂದು ಹೆಸರಾದ ಸೇತುವೆಯ ಒಂದು ಭಾಗ ಈಚಿನ ವರ್ಷಗಳ ಪ್ರವಾಹದಲ್ಲಿ ಕುಸಿದಿದೆ. ಈಗ ವಾಹನಗಳಿಗೆ ಪಕ್ಕದಲ್ಲಿ ಹೊಸ ಸೇತುವೆಯಿದೆ.

ಹೊಳೆ ದಾಟಿದರೆ ಸತ್ತೇಗಾಲ. ಅಲ್ಲಿಂದ ಕೊಳ್ಳೇಗಾಲ ಅರ್ಧ ದಿನದ ದಾರಿ. 1956ರ ರಾಜ್ಯ ವಿಂಗಡಣೆಯವರೆಗೆ ಕೊಳ್ಳೇಗಾಲ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಂದರೆ ಮಂಡ್ಯದ ಯಾತ್ರಿಕರು ಮಾದಪ್ಪನ ಬೆಟ್ಟಕ್ಕೆ ಹೋಗಲು ಅಂದು ಸಂಸ್ಥಾನದ ಗಡಿ ದಾಟಬೇಕಿತ್ತು. ರೇಷ್ಮೆ ಸೀರೆಯ ಈ ಪಟ್ಟಣದಲ್ಲಿ ಕಾಲಿನ ಗುಳ್ಳೆಗೆ ಮುಲಾಮು, ಹರಿದ ಚಪ್ಪಲಿಗೆ ಹೊಲಿಗೆ, ಮುಂದಿನ ಮೂರು ದಿನಕ್ಕೆ ಬೇಕಾದ ಸಾಮಾನು ಕೊಂಡುಕೊಳ್ಳಬೇಕು. ಆಚೆಗೆ ಅಂಗಡಿಗಳು ವಿರಳ. ಕಾಮಗೆರೆಯ ಮೇಲೆ ಹನೂರಿಗೆ ಹೋಗುವ ದಾರಿ ಬಯಲು, ಬಿಸಿಲು, ಅಷ್ಟೆ. ಬೆಳಗಿನ ನಾಲ್ಕಕ್ಕೆ ಹೊರಟು ಹತ್ತರೊಳಗೆ ಮುಗಿಸಿಕೊಳ್ಳುವುದು ಜಾಣತನ.

ಕನಕಪುರ, ರಾಮನಗರದ ಕಡೆಯ ಭಕ್ತರು ಬರುವ ದಾರಿಯೇ ಬೇರೆ. ಅವರು ಅರ್ಕಾವತಿ ಕಾವೇರಿಗೆ ಸೇರುವ ಸಂಗಮದ ಕಡೆಯಿಂದ ಬಂದು, ನೀರು ಕಡಿಮೆಯಿದ್ದಾಗ ಹಗ್ಗ ಹಿಡಿದು ಹೊಳೆ ದಾಟಿ, ಕಾವೇರಿ ವನ್ಯಧಾಮದ ಕಾಡಿನೊಳಗಿಂದ ಹನೂರಿನ ಸೀಮೆಗೆ ಬೀಳುತ್ತಾರೆ. ಶಿವರಾತ್ರಿಯ ಸಮಯದಲ್ಲಿ ಮಾತ್ರ, ಅರಣ್ಯ ಇಲಾಖೆ ಮತ್ತು ಪೊಲೀಸರ ಕಣ್ಣಿನಡಿ ನಡೆಯುವ ದಾಟು ಅದು. ರಜೆಗೆ ಹೊರಟವರು ಅತ್ತ ತಲೆ ಹಾಕಬಾರದು.

ಹನೂರು ಬಿಟ್ಟು ಎಲ್ಲೇಮಾಳ, ಕೌದಳ್ಳಿ ದಾಟಿದ ಮೇಲೆ ಎದುರಿಗೆ ಮಲೆಗಳ ಸಾಲು ಏಳುತ್ತದೆ. ಎಪ್ಪತ್ತೇಳು ಮಲೆ ಎಂಬುದು ಜನಪದದ ಲೆಕ್ಕ. ಹಳ್ಳಿಗಳ ನಡುವಿನ ಅಂತರ ಹೆಚ್ಚಿ, ಮುಳ್ಳುಗಿಡದ ಬಯಲು ಕಾಡಾಗುತ್ತದೆ. ಬೆಟ್ಟದ ಬುಡ ತಾಳುಬೆಟ್ಟ. ಅಲ್ಲಿ ಕರ್ಪೂರ ಹಚ್ಚಿ, ಕಾಯಿ ಒಡೆದು, ಮನೆಮಂದಿಯ ಹೆಸರು ಹೇಳಿ ಕೈಮುಗಿಯದೆ ಯಾರೂ ಮೇಲೇರುವುದಿಲ್ಲ. ಇಲ್ಲಿಂದ ಗುಡಿಗೆ 18 ಕಿ.ಮೀ. ಆಸುಪಾಸು. ಬಸ್ಸಿನ ರಸ್ತೆ ಮುರಿದು ಮುರಿದು ತಿರುಗಿದರೆ ಕಾಲುದಾರಿ ಆ ತಿರುವುಗಳನ್ನು ಅಡ್ಡ ಕತ್ತರಿಸಿ ನೇರ ಏರುತ್ತದೆ, ಅಲ್ಲಲ್ಲಿ ಮೆಟ್ಟಿಲು ಕಟ್ಟಿದ್ದಾರೆ. ಬಿದಿರು, ದಿಂಡಿಗ, ಬೇಲದ ಮರಗಳ ನಡುವೆ ಬೆಳಗಿನ ಬೆಳಕಿನಲ್ಲಿ ಹತ್ತುವಾಗ ಮುಂದೆ ಹೋದ ಗುಂಪಿನ ‘ಉಘೇ’ ಮೇಲಿನ ತಿರುವಿನಿಂದ ಕೇಳಿಬರುತ್ತದೆ, ಕೆಳಗಿನವರು ಅದಕ್ಕೆ ಓಗೊಡುತ್ತಾರೆ. ದಾರಿ ತಪ್ಪದಂತೆ ನೋಡಿಕೊಳ್ಳಲು ಬೇರೆ ಏರ್ಪಾಟು ಬೇಕಾಗಿಲ್ಲ. ಮೂರು ಸಾವಿರ ಅಡಿ ಎತ್ತರದ ಗುಡಿಯ ಬಯಲಿಗೆ ಬಂದಾಗ ಗಾಳಿ ಬದಲಾದದ್ದು ಬೆವರು ಹೇಳುತ್ತದೆ.

ಗುಡಿಯ ಪೂಜಾರಿಗಳು ಬೇಡಗಂಪಣ ಸಮುದಾಯದವರು. ಅಂತರಗಂಗೆಯಲ್ಲಿ ಮಿಂದು, ಮುಡಿ ಕೊಟ್ಟು, ಉರುಳುಸೇವೆ, ಪಂಜಿನ ಸೇವೆ, ಅಂಗಳದ ಕಸ ಗುಡಿಸುವ ರಜ ಹೊಡೆಯುವ ಸೇವೆ ಮುಗಿಸಿ, ಹುಲಿವಾಹನವನ್ನೋ ಚಿನ್ನದ ತೇರನ್ನೋ ಎಳೆಸಿ ಭಕ್ತರು ಹರಕೆ ತೀರಿಸುತ್ತಾರೆ. ದೀಪಾವಳಿಯ ಹಾಲರವೆ ಉತ್ಸವದಲ್ಲಿ ಬೇಡಗಂಪಣರ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ಹೊತ್ತು ತರುವುದನ್ನು ನೋಡಲೆಂದೇ ಆ ಹಬ್ಬಕ್ಕೆ ನಡಿಗೆ ಹೊಂದಿಸಿಕೊಳ್ಳುವವರಿದ್ದಾರೆ. ಬೆಟ್ಟದಲ್ಲಿ 108 ಅಡಿಯ ಪ್ರತಿಮೆ 2023ರಿಂದ ನಿಂತಿದೆ. ಫೋಟೊಗೆ ಸರಿ, ನಡೆದು ಬಂದವರ ಮನಸ್ಸು ಹೋಗುವುದು ಹಳೆಯ ಗುಡಿಗೇ.

ಈ ಹಾದಿಯ ಕೈಪಿಡಿ ಎನ್ನಬಹುದಾದದ್ದು ಮಲೆಯ ಮಾದೇಶ್ವರ ಜನಪದ ಮಹಾಕಾವ್ಯ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅದನ್ನು ಹಾಡುವವರು ದೀಕ್ಷೆ ಪಡೆದ ದೇವರಗುಡ್ಡರು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದರಲ್ಲಿ ದಾರ ಕಟ್ಟಿದ ಬಿಲ್ಲೆ, ಇದೇ ಕಂಸಾಳೆ. ಕೂತು ಹಾಡುವಾಗ ತಾಳ, ಎದ್ದು ಬೀಸಿದಾಗ ಬೀಸು ಕಂಸಾಳೆಯ ಕುಣಿತ. ಕಾವ್ಯದಲ್ಲಿ ಮಾದಪ್ಪ ಶ್ರವಣನೆಂಬ ದೊರೆಯನ್ನು ಕೊಂದು ಅವನ ಸೆರೆಯಲ್ಲಿದ್ದ ದೇವತೆಗಳನ್ನು ಬಿಡಿಸುತ್ತಾನೆ. ಗಂಡ ನೀಲೇಗೌಡ ಜೇನಿಗೆ ಹೋದಾಗ ಕಾಡಿನಲ್ಲಿ ಒಂಟಿಯಾದ ಸೋಲಿಗರ ಸಂಕಮ್ಮನಿಗೆ ನೆರವಾಗುತ್ತಾನೆ. ಗುಡಿ ಕಟ್ಟಿಸಿಕೊಳ್ಳಲು ಆಲಂಬಾಡಿಯ ಜುಂಜೇಗೌಡನೆಂಬ ಸಿರಿವಂತನನ್ನು ಒಲಿಸಿಕೊಳ್ಳುತ್ತಾನೆ. ಆಲಂಬಾಡಿ ಹೆಸರಿನ ದನದ ತಳಿಯೇ ಇದೆ. ದನಗಾಹಿಗಳು, ಜೇನು ಕೀಳುವವರು, ಬೆದ್ದಲು ಉಳುವವರು ತುಂಬಿರುವ ಈ ಕತೆಗಳನ್ನು ಹೊರಡುವ ಮೊದಲು ಓದಿಕೊಂಡವರಿಗೆ ಕೌದಳ್ಳಿಯಾಚೆಯ ಕುರುಚಲು ಬರಿದಾಗಿ ಕಾಣುವುದಿಲ್ಲ.

ಊಟ ವಸತಿಯ ಏರ್ಪಾಟು ಹಬ್ಬದ ದಿನಗಳಲ್ಲಿ ಒಂದು ಬಗೆ, ಉಳಿದಾಗ ಇನ್ನೊಂದು. ಹಬ್ಬದ ವಾರದಲ್ಲಿ ಮಳವಳ್ಳಿಯಿಂದ ಮುಂದಕ್ಕೆ ಊರಿನವರು, ಯುವಕರ ಸಂಘದವರು ರಸ್ತೆಬದಿ ಶಾಮಿಯಾನ ಹಾಕಿ ‘ಬನ್ನಿ ಸಾಮಿ, ಒಂಚೂರು ಉಂಡ್ಕೊಂಡೋಗಿ’ ಎಂದು ಕರೆದು ಕೂರಿಸುತ್ತಾರೆ. ಪಾನಕ, ಮಜ್ಜಿಗೆ, ಕಲ್ಲಂಗಡಿ, ಬಾತು, ಅನ್ನ ಸಾರು. ಕೆಲವೆಡೆ ಕಾಲಿಗೆ ಬಿಸಿನೀರು, ಎಣ್ಣೆ. ಬೆಟ್ಟಕ್ಕೆ ಹೋಗಲಾಗದವರು ಹೋಗುವವರಿಗೆ ಉಣಿಸಿದರೆ ಅದರಲ್ಲಿ ತಮಗೂ ಪಾಲು ಎಂಬುದು ನಂಬಿಕೆ. ದುಡ್ಡು ಕೊಡಲು ಹೋದರೆ ಬೇಸರ ಮಾಡಿಕೊಳ್ಳುತ್ತಾರೆ. ಉಂಡ ಎಲೆ, ಲೋಟವನ್ನು ಅವರು ತೋರಿಸಿದ ಕಡೆ ಹಾಕಿದರೆ ಸಾಕು. ಮಲಗಲು ಶಾಲೆ, ಗುಡಿಯ ಜಗಲಿ, ಸಮುದಾಯ ಭವನ. ಹಬ್ಬವಿಲ್ಲದ ದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ, ಕೊಳ್ಳೇಗಾಲಗಳಲ್ಲಿ ಲಾಡ್ಜುಗಳಿವೆ, ಬೆಟ್ಟದಲ್ಲಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಕೊಠಡಿಗಳೂ ದಾಸೋಹವೂ ಇವೆ. ಹನೂರಿನಾಚೆ ಮಾತ್ರ ಮೊದಲೇ ವಿಚಾರಿಸಿಕೊಳ್ಳದೆ ಹೋಗಬಾರದು.

ಕಾಲ ಯಾವುದು ಒಳ್ಳೆಯದು ಎಂದರೆ ದೀಪಾವಳಿಯ ನಂತರದಿಂದ ಶಿವರಾತ್ರಿಯವರೆಗೆ. ಯುಗಾದಿಯ ಬಿಸಿಲಿನಲ್ಲಿ ಡಾಂಬರು ಬರಿಗಾಲನ್ನು ಸುಡುತ್ತದೆ. ಹರಕೆಯವರು ಇದನ್ನೂ ಸೇವೆಯೆಂದೇ ಸಹಿಸುತ್ತಾರೆ. ಹಾಗೆ ನಡೆಯುವವರು ಕೂಡ ಹತ್ತು ಗಂಟೆಗೆ ನೆರಳಿಗೆ ಸೇರಿ, ನಾಲ್ಕಕ್ಕೆ ಮತ್ತೆ ಏಳುತ್ತಾರೆ. ಉಳಿದವರು ಹಳೆಯ, ಕಾಲಿಗೆ ಪಳಗಿದ ಬೂಟು ಹಾಕಿಕೊಳ್ಳಬೇಕು. ಹೊಸ ಬೂಟಿನಲ್ಲಿ ಹೊರಟವರಿಗೆ ಎರಡನೆಯ ದಿನಕ್ಕೇ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ, ಮಳವಳ್ಳಿಯಲ್ಲೇ ಬಸ್ಸು ಹತ್ತಬೇಕಾಗುತ್ತದೆ. ಹೆದ್ದಾರಿಯಲ್ಲಿ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಸಾಲಾಗಿ ನಡೆಯಬೇಕು. ನಸುಕಿನಲ್ಲಿ ಮಿಂಚುವ ಪಟ್ಟಿಯ ಜಾಕೆಟ್ಟು, ಟಾರ್ಚು ಇರಬೇಕು. ಪಾದಯಾತ್ರಿಗಳ ಸಾವು ನೋವು ಹೆಚ್ಚಾಗಿ ಆಗುವುದು ರಸ್ತೆಯಲ್ಲೇ, ಅದೂ ಕತ್ತಲಲ್ಲಿ.

ಕಾಡಿನ ಭಾಗದ ನಿಯಮಗಳು ಇನ್ನೂ ಬಿಗಿ. 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾಯಿತು. ಆನೆ, ಚಿರತೆ, ಹುಲಿ ಮೂರೂ ಇಲ್ಲಿವೆ. 1990ರ ದಶಕದಲ್ಲಿ ಇದೇ ಕಾಡು ಕಾಡುಗಳ್ಳ ವೀರಪ್ಪನ್ ಹೆಸರಿನಿಂದ ನಡುಗಿತ್ತು. 1993ರ ಏಪ್ರಿಲ್‌ನಲ್ಲಿ ಬೆಟ್ಟದಾಚೆಯ ಪಾಲಾರ್ ಬಳಿ ನೆಲಬಾಂಬ್ ಸ್ಫೋಟವಾದ ಮೇಲೆ ಎಷ್ಟೋ ಕುಟುಂಬಗಳು ನಡೆದು ಹೋಗುವ ಹರಕೆಯನ್ನು ಬಸ್ಸಿನಲ್ಲಿ ತೀರಿಸಿದವು. ಈಗಿನ ಆತಂಕ ಬೇರೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ದನ ಮೇಯಿಸುವವರ ಬದುಕು, ವನ್ಯಜೀವಿ, ಲಕ್ಷಗಟ್ಟಲೆ ಭಕ್ತರ ಓಡಾಟ ಮೂರೂ ಒಂದೇ ಕಾಡಿನಲ್ಲಿ ಒತ್ತರಿಸಿವೆ. ತಾಳುಬೆಟ್ಟದಿಂದ ಮೇಲಕ್ಕೆ ಹಗಲಲ್ಲಿ, ಗುಂಪಿನೊಡನೆ ಮಾತ್ರ ಹೋಗಬೇಕು. ದಾರಿ ಬಿಟ್ಟು ಕಾಡಿಗೆ ಇಳಿಯುವುದು, ಒಲೆ ಹಚ್ಚುವುದು, ಪ್ಲಾಸ್ಟಿಕ್ ಬಿಸಾಡುವುದು ಕೂಡದು. ಕಾಲ್ನಡಿಗೆಗೆ ಆಗಾಗ ಹೊಸ ನಿರ್ಬಂಧಗಳು ಬರುವುದರಿಂದ ಹನೂರಿನಲ್ಲೇ ವಿಚಾರಿಸಿಕೊಂಡು ಮುಂದುವರಿಯಬೇಕು.

ಬೆಟ್ಟದಿಂದಾಚೆಗೆ ಇಂಡಿಗನತ್ತದ ಮೇಲೆ ನಾಗಮಲೆಗೆ ಹೋಗುವ ಏರುದಾರಿ ಇದೆ. ಕಾಲಲ್ಲಿ ಇನ್ನೂ ಕಸುವಿದ್ದು, ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದವರಿಗೆ ಅದಕ್ಕೆ ಮತ್ತೊಂದು ದಿನ ಬೇಕು. ಮಿಕ್ಕವರು ಲಾಡು ಪ್ರಸಾದ ಕಟ್ಟಿಸಿಕೊಂಡು ಕೊಳ್ಳೇಗಾಲದ ಬಸ್ಸು ಹಿಡಿಯುತ್ತಾರೆ. ಅಲ್ಲಿಂದ ಮಳವಳ್ಳಿ, ಮದ್ದೂರು, ಮಂಡ್ಯಕ್ಕೆ ಬಸ್ಸು ಬದಲಾಯಿಸಿಕೊಂಡರೆ ವಾರ ನಡೆದ ದಾರಿ ಅರ್ಧ ದಿನದೊಳಗೆ ಮುಗಿಯುತ್ತದೆ. ಹಿಂತಿರುಗಿದವರ ಮನೆಗಳಲ್ಲಿ ಮುಂದಿನ ಸೋಮವಾರವೋ ಅಮಾವಾಸ್ಯೆಯೋ ನೋಡಿ ಮಾದಪ್ಪನ ಪರ ಮಾಡಿ, ಬೀದಿಯವರಿಗೆಲ್ಲ ಊಟ ಹಾಕುತ್ತಾರೆ.